ಹುಲಿಗೆವ್ವನ ಸೆಂಟರ್ ತಣ್ಣಗಾದದ್ದು

ನಮ್ಮೂರಲ್ಲಿ ಚಪ್ಪಲಿ ಅಂಗಡಿ ಇಟ್ಟು ಉದ್ಧಾರವಾದವರನ್ನು ಯಾರೂ ಕಂಡಿಲ್ಲ. ಬಂದ ವ್ಯಾಪಾರಿಗಳೆಲ್ಲ ವರ್ಷ ತುಂಬುವುದರೊಳಗೆ ಗಂಟುಮೂಟೆ ಕಟ್ಟಿದ್ದಾರೆ. ಇಲ್ಲಿ ಜನ ಬರಿಗಾಲಲ್ಲೇ ಓಡಾಡುತ್ತಾರೆ, ಯಾಕೆಂದರೆ ಅವರವರಿಗೆ ಸರಿಹೊಂದುವ ಜಾಗದಲ್ಲಿ ನಿಂತಾಗ ನೆಲ ಪಾದಕ್ಕೆ ಬಿಸಿಯಾಗುತ್ತದೆ. ಸುಡುವ ಬಿಸಿಯಲ್ಲ. ಆಗತಾನೆ ಎಮ್ಮೆ ಎದ್ದು ಹೋದ ಜಾಗದಲ್ಲಿ ಕಾಲಿಟ್ಟ ಹಾಗಿರುತ್ತದೆ. ಅಕ್ಕಸಾಲಿಗರ ಮಾನಪ್ಪನಿಗೆ ಅಪ್ಪನ ಕುಲುಮೆಯ ಮುಂದೆ ಏನೂ ಆಗಲಿಲ್ಲ, ಪೋಸ್ಟ್ ಆಫೀಸಿನ ಕಿಟಕಿಯ ಹಿಂದೆ ಬಿಸಿ ಹತ್ತಿತು. ಅವನು ಚಿನ್ನ ಬಿಟ್ಟು ಈಗ ಟಪಾಲಿಗೆ ಮುದ್ರೆ ಒತ್ತುತ್ತಾನೆ. ಅವರಪ್ಪ ನಾಲ್ಕು ದಿನ ಮಾತು ಬಿಟ್ಟಿದ್ದ, ಆಮೇಲೆ ಅವನೂ ಸುಮ್ಮನಾದ.

ಈ ಬಿಸಿ ನಿಂತವರಿಗೆ ಮಾತ್ರ ಗೊತ್ತಾಗುತ್ತದೆ. ಪಕ್ಕದವರು ಅದೇ ಜಾಗ ಮುಟ್ಟಿ ನೋಡಿದರೆ ಬರೀ ಮಣ್ಣು. ಹಾಗಾಗಿ "ಬಿಸಿ ಐತೇನು?" ಎಂದು ಒಮ್ಮೆ ಕೇಳುವುದು, ಅವರು ಹೇಳಿದ್ದನ್ನು ಒಪ್ಪಿಕೊಳ್ಳುವುದು ನಮ್ಮ ರೀತಿ. ಎರಡನೇ ಸಲ ಕೇಳಿದರೆ ಎದುರಿನವರನ್ನು ಸುಳ್ಳರೆಂದು ಜರೆದ ಹಾಗೆ. ಮದುವೆಗೆ ಬಂದ ಹುಡುಗಿಯನ್ನು ಗಂಡಿನ ಮನೆಯ ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳುವುದೂ ಒಂದೇ ಸಲ. ಎಷ್ಟೋ ಹುಡುಗಿಯರು ಅತ್ತೆಯಾಗುವವಳ ಮುಖ ನೋಡಿ "ಹೂಂ" ಅಂದುಬಿಡುತ್ತಾರೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಆಡಿ ಯಾರು ನಿಷ್ಠುರ ಕಟ್ಟಿಕೊಳ್ಳುತ್ತಾರೆ?

ನಮ್ಮೂರ ಹೆಂಗಸರ ಫುಟ್‌ಬಾಲ್ ಟೀಮನ್ನು ನೋಡಿಕೊಳ್ಳುವವಳು ಹಿಟ್ಟಿನ ಗಿರಣಿಯ ಕಲ್ಲವ್ವ, ನಮಗೆಲ್ಲ ಕಲ್ಲಕ್ಕ. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಅವಳ ದನಿ ಎಂಥದಾಗಿದೆಯೆಂದರೆ, ಅವಳು ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತದೆ. ಆಟದಲ್ಲಿ ಅವಳಿಗೆ ಗೊತ್ತಿದ್ದ ತಂತ್ರ ಒಂದೇ: ಯಾರಿಗೆ ಎಲ್ಲಿ ಬಿಸಿಯೋ ಅವರು ಅಲ್ಲಿ ನಿಲ್ಲಬೇಕು, ನಿಂತ ಮೇಲೆ ಜಾಗ ಬಿಡಬಾರದು. ವರ್ಷದ ಮೊದಲ ಪ್ರಾಕ್ಟೀಸಿನ ದಿನ ಎಲ್ಲರ ಕೈಗೂ ಒಂದೊಂದು ಮುಷ್ಟಿ ಸುಣ್ಣದ ಪುಡಿ ಕೊಡುತ್ತಿದ್ದಳು. ಆ ಗೋಲಿನಿಂದ ಈ ಗೋಲಿನ ತನಕ ಮೈದಾನವನ್ನೆಲ್ಲ ಬರಿಗಾಲಲ್ಲಿ ತುಳಿದು, ಬಿಸಿ ಹತ್ತಿದ ಕಡೆ ಸುಣ್ಣ ಚೆಲ್ಲಬೇಕು. ಸುಣ್ಣ ಬಿದ್ದ ಮೇಲೆ ಮುಗಿಯಿತು. ಬ್ಯಾಕ್ ಯಾರು, ಫಾರ್ವರ್ಡ್ ಯಾರು ಎಂದು ಅವಳು ತಲೆ ಕೆಡಿಸಿಕೊಂಡದ್ದೇ ಇಲ್ಲ.

ನನಗೆ ಬಿಸಿ ಹತ್ತಿದ್ದು ಗೆರೆಯ ಆಚೆ, ಬದಲಿ ಆಟಗಾರರ ಬೆಂಚಿನ ಮುಂದೆ. ನಗಬೇಡಿ, ಆಗ ಇಡೀ ಟೀಮು ನಕ್ಕಿದೆ. "ಚಂಪವ್ವಾ, ಕೂತು ನೋಡೂ ಯೋಗ ಐತಿ ಬಿಡು ನಿಂಗ," ಎಂದಳು ಕಲ್ಲಕ್ಕ. ನನಗೇನೂ ಬೇಜಾರಾಗಲಿಲ್ಲ. ಬೆಂಚಿನ ಮೇಲೆ ಕೂತವಳಿಗೆ ಚೆಂಡಿನ ಉಸಾಬರಿ ಇರುವುದಿಲ್ಲ, ಆರಾಮಾಗಿ ಕಾಲುಗಳನ್ನು ನೋಡುತ್ತ ಕೂರಬಹುದು. ಹುಲಿಗೆವ್ವನ ವಿಷಯ ಎಲ್ಲರಿಗಿಂತ ಮೊದಲು ನನಗೆ ಗೊತ್ತಾದದ್ದು ಹಾಗೆ.

ಹುಲಿಗೆವ್ವ ನಮ್ಮ ಪಕ್ಕದ ಮನೆಯವಳು, ಬಸ್ ಕಂಡಕ್ಟರ್. ನೆಲಕ್ಕೆ ತಾಗದ ಕೆಲಸಗಳು ನಮ್ಮಲ್ಲಿ ಕೆಲವಿವೆ. ಬಸ್ಸು, ದೋಣಿ, ಕರೆಂಟ್ ಕಂಬ ಹತ್ತುವುದು, ಏಣಿಯ ಮೇಲೆ ನಿಂತು ಗೋಡೆಗೆ ಸುಣ್ಣ ಬಳಿಯುವುದು. ಎಲ್ಲೂ ಬಿಸಿ ಹತ್ತದವರು ಇಂಥವನ್ನು ಹಿಡಿಯುತ್ತಾರೆ. ಹುಲಿಗೆವ್ವನಿಗೆ ಊರಲ್ಲಿ ಎಲ್ಲೂ ಬಿಸಿ ಹತ್ತಿರಲಿಲ್ಲ. ಹುಟ್ಟಿದ ಮನೆಯಲ್ಲಿ ಇಲ್ಲ, ಶಾಲೆಯಲ್ಲಿ ಇಲ್ಲ. ಮೂರು ಮನೆಯವರು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿದಾಗ ಮೂರೂ ಕಡೆ "ತಣ್ಣಗೈತ್ರೀ" ಎಂದು ನಿಜ ಹೇಳಿ ಎದ್ದು ಬಂದಿದ್ದಳು. ನಾಲ್ಕನೆಯವರು ಯಾರೂ ಬರಲಿಲ್ಲ. ಒಂದು ಸಂಜೆ ಡ್ಯೂಟಿ ಮುಗಿಸಿ ಮೈದಾನದ ಅಡ್ಡದಾರಿಯಲ್ಲಿ ಬರುವಾಗ, ಡ್ಯೂಟಿಗೆಂದು ಹಾಕುತ್ತಿದ್ದ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದವಳು ಮೈದಾನದ ನಟ್ಟನಡುವೆ ಗಕ್ಕನೆ ನಿಂತಳು. ನಾವು ಪ್ರಾಕ್ಟೀಸಿನಲ್ಲಿದ್ದೆವು. ಟಿಕೆಟ್ ಚೀಲ ಹೆಗಲಲ್ಲಿ ಹಾಕಿಕೊಂಡೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಚೆಂಡನ್ನು ಅದಕ್ಕೂ ಮೊದಲು ಅವಳು ಒದ್ದವಳಲ್ಲ. ಕಲ್ಲಕ್ಕ ಅವತ್ತೇ ಅವಳನ್ನು ಸೆಂಟರ್ ಮಾಡಿದಳು, ವರ್ಷದೊಳಗೆ ಕ್ಯಾಪ್ಟನ್ ಮಾಡಿದಳು. ಭಾನುವಾರ ಸಂಜೆ ಆ ಜಾಗದಲ್ಲಿ ನಿಂತರೆ ಅವಳ ಮುಖವೇ ಬೇರೆಯಾಗಿರುತ್ತಿತ್ತು. ಭೂಮಿಯ ಮೇಲೆ ಅವಳಿಗೆಂದು ಇದ್ದದ್ದು ಅಷ್ಟೇ ಜಾಗ.

ಎರಡು ವರ್ಷದ ಹಿಂದೆ ಅದೂ ತಣ್ಣಗಾಯಿತು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆದರೆ ಚಳಿಗಾಲದಲ್ಲಿ ನಲ್ಲಿಯ ಹತ್ತಿರ ಪಾಳಿಗೆ ನಿಂತ ಹೆಂಗಸರು ಒಂದು ಪಾದದ ಮೇಲೆ ಇನ್ನೊಂದು ಪಾದ ಇಡುತ್ತಾರಲ್ಲ, ಹಾಗೆ ಅವಳು ಸೆಂಟರಿನಲ್ಲಿ ನಿಂತು ಮಾಡುವುದನ್ನು ಬೆಂಚಿನಿಂದ ನೋಡಿದೆ. ಒಂದು ಸಲವಲ್ಲ, ಪ್ರತಿ ಮ್ಯಾಚಿನಲ್ಲೂ. ಸುಣ್ಣದ ದಿನ ಬಂದಾಗ ಅವಳು ಮೈದಾನ ತುಳಿಯಲೂ ಇಲ್ಲ. ನೆಟ್ಟಗೆ ನಡುವಿಗೆ ಹೋಗಿ ಸುಣ್ಣ ಚೆಲ್ಲಿ, ಯಾರ ಮುಖವನ್ನೂ ನೋಡದೆ ವಾಪಸು ಬಂದಳು. ಊರಲ್ಲಿ ಎಲ್ಲ ಕಡೆ ನಿಜ ಹೇಳಿದವಳು ಅಲ್ಲೊಂದು ಕಡೆ ಸುಳ್ಳು ಹೇಳಿದ್ದಳು. ಮೊದಲು ಚೆಂಡು ಬಂದರೆ ಹತ್ತು ಹೆಜ್ಜೆಯಾದರೂ ಓಡುತ್ತಿದ್ದವಳು ಆಮೇಲೆ ಗೂಟ ಬಡಿದ ಹಾಗೆ ನಿಂತುಬಿಟ್ಟಳು. ಅಲ್ಲಾಡಿದರೆ ಜನಕ್ಕೆ ಅನುಮಾನ ಬರುತ್ತದೆಂಬ ಭಯ.

ಈ ಸಲ ಟೀಮಿಗೆ ಜೈತುನ್ ಬಂದಳು. ಪಕ್ಕದ ಪೇಟೆಗೆ ಹೊಲಿಗೆ ಕೆಲಸಕ್ಕೆ ಹೋಗುವ ಹುಡುಗಿ, ದಿನಾ ಹುಲಿಗೆವ್ವನ ಬಸ್ಸಿನಲ್ಲೇ ಓಡಾಟ. ತುಂಬಿದ ಬಸ್ಸಿನಲ್ಲಿ ಯಾರದೋ ಚೀಲದಿಂದ ಉರುಳಿದ ನಿಂಬೆಹಣ್ಣನ್ನು ಇಪ್ಪತ್ತು ಜನರ ಕಾಲುಗಳ ನಡುವೆ ಮುಂದಿನ ಬಾಗಿಲಿನ ತನಕ ಕಾಲಲ್ಲೇ ತಳ್ಳಿಕೊಂಡು ಹೋಗಿ, ಯಾರಿಗೂ ತಾಗಿಸದೆ ಅದರ ಯಜಮಾನಿತಿಗೆ ಮುಟ್ಟಿಸಿದ್ದಳಂತೆ. ಹುಲಿಗೆವ್ವ ಅದನ್ನು ನೋಡಿ, "ನೀ ನಡಿ ನನ್ನ ಕೂಡ," ಎಂದು ಕರೆತಂದಳು. ಅವಳಿಗೆ ಚೆಂಡು ತಡೆಯುವುದು, ತಿರುಗಿಸುವುದು ಎಲ್ಲ ಕಲಿಸಿದಳು. ಸುಣ್ಣದ ದಿನ ಜೈತುನ್ ಮೈದಾನ ತುಳಿಯುತ್ತ ಬಂದವಳು ನಡುವಿನಲ್ಲಿ ಒಂದು ಕ್ಷಣ ನಿಂತಳು. ಕಾಲ ಕೆಳಗೆ ನೋಡಿದಳು, ಗೆರೆಯ ಹತ್ತಿರ ನಿಂತಿದ್ದ ಹುಲಿಗೆವ್ವನನ್ನು ನೋಡಿದಳು, ಆಮೇಲೆ ಬಿರಬಿರನೆ ನಡೆದು ಎಡಗಡೆಯ ಮೂಲೆಗೆ ಹೋಗಿ ಅಲ್ಲಿ ಸುಣ್ಣ ಚೆಲ್ಲಿದಳು. "ಬಿಸಿ ಐತೇನು?" ಎಂದು ಕಲ್ಲಕ್ಕ ಕೇಳಿದಳು. "ಐತಿ ಅಕ್ಕಾ." ಎಡಗಡೆ ಹೇಗೂ ಯಾರೂ ಇರಲಿಲ್ಲ, ಕಲ್ಲಕ್ಕನಿಗೆ ಖುಷಿಯೋ ಖುಷಿ.

ಎಡಗಡೆಯ ಬ್ಯಾಕ್ ಆಗಿ ಜೈತುನ್ ಆಡಿದ್ದನ್ನು ಏನು ಹೇಳಲಿ. ಮಂದಿ ಹಿತ್ತಲಲ್ಲಿ ಕಟ್ಟಿದ ಕರುವಿನ ಹಾಗಿದ್ದಳು. ಬಂದ ಚೆಂಡಿಗಿಂತ ನಡುವಿನ ಕಡೆಗೇ ಅವಳ ಕಣ್ಣು. ಒಮ್ಮೊಮ್ಮೆ ಆಟ ನಿಂತಾಗ ನೀರು ಕುಡಿಯುವ ನೆವದಲ್ಲಿ ಸೆಂಟರ್ ಹಾಯ್ದು ಬರುವಳು, ಅಲ್ಲಿ ಹೆಜ್ಜೆ ನಿಧಾನವಾಗುತ್ತಿತ್ತು. ಆಮೇಲೆ ಕದ್ದು ಸಿಕ್ಕಿಬಿದ್ದವಳಂತೆ ಓಡುವಳು. ಒಬ್ಬಳು ತಣ್ಣನೆಯ ಜಾಗದಲ್ಲಿ ಬಿಸಿಯೆಂದು ನಿಂತಿದ್ದಳು, ಇನ್ನೊಬ್ಬಳು ಬಿಸಿ ಬಿಟ್ಟು ಮೂಲೆ ಹಿಡಿದಿದ್ದಳು. ಇಬ್ಬರಿಗೂ ಇನ್ನೊಬ್ಬಳ ವಿಷಯ ಗೊತ್ತಿರಲಿಲ್ಲ. ಕೇಳುವ ಹಾಗಿಲ್ಲವಲ್ಲ.

ಇಷ್ಟಾಗಿಯೂ ಗೋಲು ಕಾಯುವ ನಮ್ಮ ಗೋಲಿಯ ದಯೆಯಿಂದ ಈ ವರ್ಷದ ಕಪ್ಪಿನ ಫೈನಲ್ ತಲುಪಿದೆವು. ಗೋಲಿಯ ಹೆಸರು ತಂಗೆವ್ವ. ಎದುರಾಳಿ ಕೆಳಗಿನೂರಿನವರು. ಅವರ ನೆಲ ಯಾರಿಗೂ ಬಿಸಿಯಾಗುವುದಿಲ್ಲ, ಬೂಟು ಹಾಕಿಕೊಂಡು ಎಲ್ಲೆಂದರಲ್ಲಿ ಓಡುತ್ತಾರೆ. ಅವರನ್ನು ಕಂಡರೆ ನಮ್ಮವರಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಆ ದಿನ ಆ ಪಾಪದವರು ನಮ್ಮ ನಡುವಿನಿಂದ ಹೀಗೆ ಹಾಯ್ದು ಹೋದರು ನೋಡಿ, ತೆರೆದ ಬಾಗಿಲಿನ ಮನೆಯೊಳಗೆ ಆಕಳು ನುಗ್ಗಿದ ಹಾಗೆ. ಹುಲಿಗೆವ್ವನ ಬಲಕ್ಕೊಬ್ಬಳು, ಎಡಕ್ಕೊಬ್ಬಳು ಚೆಂಡು ದಾಟಿಸಿಕೊಂಡು ಹೋದರು, ಅವಳು ನಿಂತಲ್ಲಿಂದ ಅಲ್ಲಾಡಲಿಲ್ಲ. ಚೆಂಡು ಜೈತುನ್‌ಳ ಕಡೆಯಿಂದ ಒಳಗೆ ಬಂದು ಒಂದು ಗೋಲ್ ಆಯಿತು. ಮತ್ತೆ ಅಲ್ಲಿಂದಲೇ ಬಂದು ಎರಡಾಯಿತು. ಎರಡು-ಸೊನ್ನೆಗೆ ಅರ್ಧ ಆಟ ಮುಗಿದಾಗ ನಮ್ಮ ಜನ ಕೂಗುವುದನ್ನೂ ಬಿಟ್ಟು ಕಡಲೆ ತಿನ್ನುತ್ತಿದ್ದರು.

ಕಲ್ಲಕ್ಕ ಬೆಂಚಿನ ಹತ್ತಿರ ಬಂದವಳೇ ಜೈತುನ್‌ಳನ್ನು ಹಿಡಿದುಕೊಂಡಳು. "ಏನ್ ಆಟಾನ ಬೇ ಇದು? ಎರಡೂ ನಿನ್ನ ಕಡೀಂದ ಬಂದಾವ. ಅಲ್ಲಿ ಬಿಸಿ ಐತಿ ಅಂತ ಸುಣ್ಣ ಹಾಕಿದಾಕಿ ನೀನ ಅಲ್ಲ?"

ಜೈತುನ್ ನೆಲ ನೋಡುತ್ತ ನಿಂತಳು.

"ಬಾಯಾಗ ಕಡಬು ಇಟ್ಟಕೊಂಡೀಯೇನ? ಸುಳ್ಳ ಸುಣ್ಣ ಹಾಕಿದಿ?"

ಇಂಥ ಮಾತನ್ನು ನಮ್ಮೂರಲ್ಲಿ ಹೊಡೆದಾಡಿಕೊಂಡವರೂ ಆಡುವುದಿಲ್ಲ. ಸುಳ್ಳು ಸುಣ್ಣದವಳೆಂದು ಒಮ್ಮೆ ಹೆಸರು ಬಿದ್ದರೆ ಆ ಹುಡುಗಿಯನ್ನು ಮತ್ತೆ ಯಾವ ಟೀಮೂ, ಯಾವ ಮನೆಯೂ ಕರೆಯುವುದಿಲ್ಲ.

"ಹೋಗ್ಲಿ. ಇನ್ನ ಈ ಅಂಗಿ ಹಾಕಬ್ಯಾಡ ನೀ," ಎಂದಳು ಕಲ್ಲಕ್ಕ. "ಚಂಪವ್ವಾ, ಏಳು. ಎಡಕ್ಕ ನೀ ಹೋಗು."

ನನ್ನ ಜೀವ ಹೋದಂತಾಯಿತು. ಬೆಂಚಿನ ಮುಂದೆ ಅಷ್ಟು ಹಿತವಾಗಿದ್ದ ಕಾಲನ್ನು ಎತ್ತಿ ಇನ್ನೆಲ್ಲಿಡಲಿ? ಏಳಲೋ ಬೇಡವೋ ಎಂದು ಅರ್ಧ ಎದ್ದಿದ್ದೆ, ಹುಲಿಗೆವ್ವ ನನ್ನ ಹೆಗಲ ಮೇಲೆ ಕೈಯಿಟ್ಟು ಕೂಡಿಸಿದಳು.

"ಆಕಿನ್ನ ಯಾಕ ಬೈತಿ ಅಕ್ಕಾ," ಎಂದಳು. "ನನ್ನ ಬೈ. ನನ್ನ ಕಾಲ ತಣ್ಣಗಾಗಿ ಎರಡ ವರ್ಷಾತು."

ಕಲ್ಲಕ್ಕನಿಗೆ ಅದು ತಲೆಗೆ ಹೋಗಲಿಲ್ಲ. "ಎಲ್ಲಿ ತಣ್ಣಗಾತು?"

"ಸೆಂಟರಿನ್ಯಾಗ. ಮತ್ತೆಲ್ಲಿ ನಂದ ಇತ್ತು?"

ಹತ್ತು ಜನರ ಎದುರಿಗೆ ತನಗಿದ್ದ ಒಂದೇ ಜಾಗವನ್ನು ತಾನೇ ಬಿಟ್ಟುಕೊಡುವುದೆಂದರೆ ಸುಮ್ಮನೆ ಆಗುವ ಮಾತಲ್ಲ. ಜೈತುನ್ ಓಡಿಬಂದು ಅವಳ ಕೈ ಹಿಡಿದುಕೊಂಡಳು. "ನಂಗ ಅಲ್ಲೇ ಹತ್ತಿತ್ತು ಅಕ್ಕಾ, ನಡುವನ. ಕರಕೊಂಡ ಬಂದಾಕಿ ಜಾಗದಾಗ ಹೆಂಗ ನಿಂದರಲಿ ಅಂತ ಹೇಳಲಿಲ್ಲ," ಎಂದು ಅಳತೊಡಗಿದಳು.

ಆಗ ಬಲಗಡೆಯ ಬ್ಯಾಕ್ ಪಾರವ್ವ ಕೆಮ್ಮಿದಳು. "ಹೆಂಗೂ ಮಾತ ಬಂತಲ್ಲ ಅಂತ ಹೇಳ್ತೇನಿ. ನಂದೂ ತಣ್ಣಗೈತಿ. ಮೊದಲಿಂದೂನು. ನಮ್ಮ ಅವ್ವ ಅಲ್ಲೇ ಆಡತಿದ್ಲು ಅಂತ ಸುಣ್ಣ ಹಾಕಿದ್ದೆ." ಫಾರ್ವರ್ಡ್ ಒಬ್ಬಳು, "ನಂಗ ಎಲ್ಲಿ ಹಾಕೂದು ತಿಳೀಲಿಲ್ಲ, ಖಾಲಿ ಇತ್ತಂತ ಮುಂದ ಹಾಕಿದೆ," ಎಂದಳು. ಇನ್ನೊಬ್ಬಳು ಏನೂ ಹೇಳದೆ ಕೈಯೆತ್ತಿದಳು, ಅವಳನ್ನು ನೋಡಿ ಮತ್ತೊಬ್ಬಳು, ಹೀಗೇ ಉಳಿದವರೂ. ಕೊನೆಗೆ ನಿಜವಾಗಿ ಬಿಸಿಯಲ್ಲಿ ಆಡುತ್ತಿದ್ದವಳು ಗೋಲಿ ತಂಗೆವ್ವ ಒಬ್ಬಳೇ ಎಂದಾಯಿತು. ಅವಳನ್ನು ಬಿಟ್ಟರೆ ಬೆಂಚಿನ ಮೇಲಿನ ನಾನು. ಕಲ್ಲಕ್ಕ ಸೊಂಟದ ಮೇಲಿನ ಕೈ ಇಳಿಸಿ ನೆಲದ ಮೇಲೆ ಕೂತುಬಿಟ್ಟಳು. "ಅಯ್ಯ ನಿಮ್ಮ! ಇಷ್ಟ ವರ್ಷ ನಾ ಯಾರನ್ನ ಇಟ್ಕೊಂಡ ಆಡಿಸಾಕತ್ತಿದ್ದೆ?" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ರೆಫರಿ ಸೀಟಿ ಊದಿ ಕರೆಯುತ್ತಿದ್ದ. ಸುಣ್ಣವಿಲ್ಲದೆ ಟೀಮು ನಿಲ್ಲಿಸುವುದು ಹೇಗೆಂದು ಕಲ್ಲಕ್ಕನಿಗೆ ತಿಳಿಯದು. ಆದರೆ ಗಿರಣಿಗೆ ಎಲ್ಲರ ಮನೆಯ ಕಾಳೂ ಬರುತ್ತದೆ, ಪಾಳಿಗೆ ನಿಂತವರಲ್ಲಿ ಯಾರು ಎಂಥವರೆಂದು ಅವಳಿಗೆ ಗೊತ್ತು. ಒಬ್ಬೊಬ್ಬರ ಮುಖ ನೋಡುತ್ತ ಹೇಳಿದಳು: "ಪಾರಿ, ನಿಂಗ ಜಗಳಾಡಾಕ ಬರ್ತೈತಿ, ಪಾಳಿ ಬಿಟ್ಟುಕೊಡೂದು ಗೊತ್ತಿಲ್ಲ. ಎಡಕ್ಕ ನಿಂದರು, ಅವರ ಬಾಳ ಓಡಾಕಿ ಅಲ್ಲೇ ಬರ್ತಾಳ. ಜೈತುನ್, ನಡುವ ನಡಿ." ಆಮೇಲೆ ಹುಲಿಗೆವ್ವನ ಮುಖ ನೋಡಿ ತಡವರಿಸಿದಳು. "ನಿನ್ನ ಎಲ್ಲಿ ಹಾಕಲಿ ಹುಲಿಗೀ?"

"ಎಲ್ಲಿ ಹಾಕಿದ್ರೂ ನಂಗ ತಣ್ಣಗ. ಹಾಕಬ್ಯಾಡ ಬಿಡು. ಎಲ್ಲಿ ಬೇಕಾಗ್ತೈತೋ ಅಲ್ಲಿ ಹೋಗ್ತೇನಿ."

ಎರಡನೇ ಅರ್ಧದಲ್ಲಿ ಜೈತುನ್ ಸೆಂಟರಿನಲ್ಲಿ ನಿಂತಳು. ನಿಂತ ಕೂಡಲೇ ಅವಳ ಹೆಗಲು ಇಳಿದದ್ದು, ಮುಖ ತಿಳಿಯಾದದ್ದು ಬೆಂಚಿಗೆ ಕಾಣಿಸಿತು. ಚೆಂಡು ಬಂದರೆ ಕಾಲಡಿಗೆ ಹಾಕಿ, ತಿರುಗಿ, ನೋಡಿ ಕೊಡುವುದು ಅವಳ ಕೆಲಸ. ನಡುವಿನ ಬಾಗಿಲು ಮುಚ್ಚಿತು. ಹುಲಿಗೆವ್ವ ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಈಗ ಬಲಗಡೆ, ಈಗ ಗೋಲಿನ ಹತ್ತಿರ, ಈಗ ಎದುರಾಳಿಗಳ ನಡುವೆ. ತುಂಬಿದ ಬಸ್ಸಿನಲ್ಲಿ ಮೈ ಓರೆ ಮಾಡಿ ನುಸುಳಿ ಅಭ್ಯಾಸವಿದ್ದವಳಿಗೆ ಇಬ್ಬರ ನಡುವೆ ಹೋಗುವುದೊಂದು ಕಷ್ಟವೇ? ಬಾಯಿಯೂ ಬಿಚ್ಚಿಕೊಂಡಿತು. "ಬಾಗಿಲದಾಗ ನಿಂದರಬ್ಯಾಡ್ರಿ! ಹಿಂದ ಸರೀರಿ, ಹಿಂದ! ಒಳಗ ಜಾಗ ಖಾಲಿ ಐತಿ, ಒಳಗ ನಡೀರಿ!" ಎಂದು ಕೂಗಿ ಕೂಗಿ ನಮ್ಮವರನ್ನು ಸರಿಸಿದಳು. ಕೆಳಗಿನೂರಿನ ಬ್ಯಾಕ್ ಒಬ್ಬಳು ದಿನಾ ಅದೇ ಬಸ್ಸಿಗೆ ಬರುವವಳು, ಅಭ್ಯಾಸಬಲದಿಂದ ತಾನೂ ಎರಡು ಹೆಜ್ಜೆ ಸರಿದಳು. ಆ ಸಂದಿಯಲ್ಲಿ ನಮ್ಮ ಮೊದಲನೇ ಗೋಲು ಹೋಯಿತು. ಕಡಲೆ ತಿನ್ನುತ್ತಿದ್ದವರು ಎದ್ದು ನಿಂತರು.

ಆಟ ಮುಗಿಯಲು ಬಂದಿತ್ತು. ಚೆಂಡು ಹಿಡಿದ ಹುಲಿಗೆವ್ವನನ್ನು ಬೂಟಿನವರಿಬ್ಬರು ಬಲಗಡೆಯ ಗೆರೆಗೆ ಒತ್ತಿದ್ದರು. ಅವರ ಗೋಲಿನ ಎಡಗಡೆ ಬಟಾಬಯಲು. ಅಲ್ಲಿಗೆ ಓಡಿ ಮುಟ್ಟಬಹುದಾದವಳು ಜೈತುನ್ ಒಬ್ಬಳೇ.

"ಜೈತುನ್! ಬಿಟ್ಟ ಬಾ!"

ಜೈತುನ್ ಕದಲಲಿಲ್ಲ. ಕಾಲಿನ ಕೆಳಗೆ ನೋಡಿಕೊಂಡಳು. ಅಷ್ಟು ದಿನ ಆಸೆಪಟ್ಟದ್ದು ಇದೀಗ ಸಿಕ್ಕಿದೆ, ಬಿಟ್ಟು ಬಾ ಎಂದರೆ ಹೇಗೆ ಬಂದಾಳು? ನಾನಾದರೂ ಬೆಂಚು ಬಿಟ್ಟು ಹೋಗುತ್ತಿರಲಿಲ್ಲ.

"ಅದೇನ ಓಡಿ ಹೋಗೂದಿಲ್ಲ ಬೇ! ಅಲ್ಲೇ ಇರ್ತೈತಿ! ಬಾ!" ಎಂದು ಹುಲಿಗೆವ್ವ ಗಂಟಲು ಹರಿಯುವಂತೆ ಕೂಗಿದಳು.

ಓಡಿ ಹೋಗುತ್ತದೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ಜೈತುನ್ ಅವಳನ್ನು ನಂಬಿದಳು. ಹಲ್ಲು ಕಚ್ಚಿ, ತಣ್ಣೀರಿಗೆ ಹಾರುವವಳ ಹಾಗೆ ಉಸಿರು ಹಿಡಿದು ಓಡಿದಳು. ಹುಲಿಗೆವ್ವ ಇಬ್ಬರ ಕಾಲುಗಳ ನಡುವಿನಿಂದ ಮೈದಾನದ ಆ ಬದಿಗೆ ಚೆಂಡು ಹಾಕಿದಳು. ಅದು ಎಲ್ಲಿಯೂ ಪುಟಿಯದೆ, ಜೈತುನ್ ಬರುವ ಹೊತ್ತಿಗೆ ಸರಿಯಾಗಿ ಅವಳ ಕಾಲಿನ ಮುಂದೆ ಬಂತು. ಅವಳು ಒದ್ದದ್ದು ಕಂಬದ ಒಳಮೈಗೆ ತಾಗಿ ಒಳಗೆ ಹೋಯಿತು.

ಎಲ್ಲರೂ ಜೈತುನ್‌ಳನ್ನು ಎತ್ತಲು ಓಡಿದರು. ಅವಳು ಯಾರ ಕೈಗೂ ಸಿಗದೆ ಸೆಂಟರಿಗೆ ಓಡಿ ಎರಡೂ ಪಾದ ಊರಿ ನಿಂತಳು. ಆಮೇಲೆ, "ಐತಿ ಅಕ್ಕಾ! ಐತಿ!" ಎಂದು ಚಿಕ್ಕ ಹುಡುಗಿಯ ಹಾಗೆ ಕುಣಿದಳು. ಹುಲಿಗೆವ್ವ ದೂರದಿಂದಲೇ ಕೈಯೆತ್ತಿ ಹೌದು ಹೌದು ಎಂದು ತಲೆಯಾಡಿಸಿದಳು, ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ಏದುಸಿರು ಬಿಟ್ಟಳು.

ಎರಡು-ಎರಡಕ್ಕೆ ಆಟ ಮುಗಿಯಿತು. ಕಪ್ಪನ್ನು ಆರು ತಿಂಗಳು ಅವರು, ಆರು ತಿಂಗಳು ನಾವು ಇಟ್ಟುಕೊಳ್ಳುವುದೆಂದಾಯಿತು. ಚೀಟಿ ಎತ್ತಿದಾಗ ಮೊದಲ ಪಾಳಿ ಅವರಿಗೇ ಹೋಯಿತು. ಹುಲಿಗೆವ್ವನ ಜಾಗ ಹೋದ ಸುದ್ದಿ ಮೈದಾನದಲ್ಲಿ ಅಷ್ಟರಲ್ಲೇ ಹಬ್ಬಿತ್ತು. ಜನ ಅವಳಿಗೆ ದಾರಿ ಬಿಡುತ್ತಿದ್ದರು, ಸಾವಿನ ಮನೆಯವರಿಗೆ ಬಿಟ್ಟ ಹಾಗೆ.

ನಾವಿಬ್ಬರೂ ಜೊತೆಗೇ ಮನೆಗೆ ನಡೆದೆವು. ಓಣಿಯ ತಿರುವಿನಲ್ಲಿ ನನಗೆ ತಡೆದುಕೊಳ್ಳಲಾಗಲಿಲ್ಲ. ಕೇಳಬಾರದ್ದನ್ನು ಕೇಳಿದೆ. "ಅಷ್ಟ ಕಡೆ ಓಡಿದೆಲ್ಲ ಹುಲಿಗೀ. ಎಲ್ಲೂ ಬಿಸಿ ಹತ್ತಲಿಲ್ಲೇನ?"

"ಇಲ್ಲ. ಎಲ್ಲಾ ಕಡೆ ತಣ್ಣಗ."

ನನಗೆ ಅಳು ಬಂತು. ಅವಳು ನನ್ನ ಮುಖ ನೋಡಿ ನಕ್ಕಳು. "ಅಳ್ತಿಯೇನ ಹುಚ್ಚಿ? ಕಡೀ ಗೋಲಿಗೆ ನಾ ಹಾಕಿದ್ದು ನೋಡಿದಿಲ್ಲೋ?"

"ನೋಡಿದೆ."

"ಬಿಸಿ ಇದ್ದಾಗ ಅಂಥಾದು ಒಂದರ ಹಾಕಿದ್ನೇನ?"

ನಾನು ನೆನೆಸಿಕೊಂಡು ನೋಡಿದೆ. ಅಷ್ಟು ವರ್ಷ ಬೆಂಚಿನ ಮೇಲೆ ಕೂತು ಅವಳ ಪ್ರತಿ ಆಟ ನೋಡಿದವಳು ನಾನು. "ಇಲ್ಲ," ಎಂದೆ.

ಅವಳು ತನ್ನ ಬಾಗಿಲ ಬೀಗ ತೆಗೆದು, ಕಟ್ಟೆಯ ಮೇಲಿನ ಚೆಂಬಿನ ನೀರನ್ನು ಕಾಲಿಗೆ ಸುರುವಿಕೊಂಡಳು. ಒಂದು ಕಾಲು ಒಳಗಿಟ್ಟವಳು ತಿರುಗಿ ಕೇಳಿದಳು: "ಕಲ್ಲಕ್ಕ ಪ್ರಾಕ್ಟೀಸಿಗೆ ಎಷ್ಟಕ್ಕ ಬರಾಕ ಹೇಳ್ಯಾಳ?"